ಪ್ಯೋತ್ರ್ ಹೊಗಳಿದ ಮೈದಾನ

ದುಭಾಷಿಗೆ ಎರಡು ನಾಲಿಗೆ ಇರುತ್ತದೆ ಎಂದು ಜನ ತಿಳಿದಿರುತ್ತಾರೆ. ಶುದ್ಧ ಸುಳ್ಳು. ಇರುವುದು ಒಂದೇ ನಾಲಿಗೆ, ಅದನ್ನೂ ಬೆಳಿಗ್ಗೆಯಿಂದ ಸಂಜೆಯವರೆಗೆ ಬೇರೆಯವರಿಗೆ ಬಾಡಿಗೆಗೆ ಕೊಟ್ಟಿರುತ್ತೇವೆ. ಈಗ ಈ ಕೆಲಸಕ್ಕೆ ಬರುವ ಮಕ್ಕಳು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಗಾಜಿನ ಕೋಣೆಯಲ್ಲಿ ಕೂರುತ್ತಾರಂತೆ, ಸುಸ್ತಾಗುವ ಮೊದಲೇ ಇನ್ನೊಬ್ಬರು ಬಂದು ಬಿಡಿಸುತ್ತಾರಂತೆ. ಒಳ್ಳೆಯದಾಗಲಿ. ನಮ್ಮ ಕಾಲದಲ್ಲಿ ಎಣ್ಣೆ ಮೆತ್ತಿದ ನೆಲದ ಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು, ಲೇಥ್ ಯಂತ್ರಗಳ ಗದ್ದಲದಲ್ಲಿ ಇಬ್ಬರು ಗಂಡಸರ ನಡುವೆ ನಿಂತು ಕಿರುಚುವುದಕ್ಕೆ ಭಾಷಾಂತರ ಎಂದು ಹೆಸರು. ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಡ. ಕೆಲಸ ಹೇಗಿತ್ತು ಎಂಬುದನ್ನು ಮಾತ್ರ ಹೇಳುತ್ತೇನೆ.

ನಾನು ಜಯನಗರದವಳು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತರೆ ಮದುವೆ ಮಾಡಿಬಿಡುತ್ತಾರೆ ಎಂಬ ಒಂದೇ ಭಯಕ್ಕೆ ಸಂಜೆಯ ರಷ್ಯನ್ ತರಗತಿಗೆ ಸೇರಿದ್ದೆ. ಭಾಷೆಯ ಮೇಲಿನ ಪ್ರೀತಿ ಗೀತಿ ಎಲ್ಲ ಆಮೇಲೆ ಬಂದದ್ದು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಊರಾಚೆಯ ಒಂದು ಸರ್ಕಾರಿ ಕಾರ್ಖಾನೆಗೆ ಸೋವಿಯತ್ ಯಂತ್ರಗಳು ಬಂದವು. ಅವುಗಳ ಹಿಂದೆಯೇ ಅವನ್ನು ಜೋಡಿಸುವ ತಜ್ಞರೂ ಬಂದರು, ರಷ್ಯನ್ ಬಲ್ಲವರು ಬೇಕಾದರು, ನನಗೆ ಕೆಲಸ ಸಿಕ್ಕಿತು. ಮಗಳಿಗೆ ಮಾತಾಡುವ ಕೆಲಸ ಎಂದು ಅಪ್ಪ ಪಕ್ಕದ ಮನೆಯವರಿಗೆ ಹೇಳಿದಾಗ ಅವರು, ಅದಕ್ಕೂ ಸಂಬಳ ಕೊಡ್ತಾರಾ, ನಮ್ಮನೇಲಿ ಪುಕ್ಕಟೆ ನಡೀತಾ ಇದೆಯಲ್ಲ ಎಂದರಂತೆ.

ನಮ್ಮ ವಿಭಾಗದ ಮುಖ್ಯಸ್ಥರು ಚಕ್ರಪಾಣಿ. ವಿಲ್ಸನ್ ಗಾರ್ಡನ್ನಿನಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ ಸಣಕಲು ಮನುಷ್ಯ. ನಗುವುದು ಕಡಿಮೆ, ನಶ್ಯ ಜಾಸ್ತಿ. ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದರು. ಯಾರ ಮಾತು ಹೇಳುತ್ತೀಯೋ ಅವರೇ ಆಗಿ ಹೇಳಬೇಕು. ಇಂಜಿನಿಯರು ನನಗೆ ಹಸಿವು ಎಂದರೆ ನೀನೂ ನನಗೆ ಹಸಿವು ಎನ್ನಬೇಕು, ಅವರಿಗೆ ಹಸಿವಂತೆ ಎಂದು ಚಾಡಿ ಹೇಳುವವರ ಹಾಗೆ ಹೇಳಕೂಡದು. ಸೇರಿಸಕೂಡದು, ಬಿಡಕೂಡದು. ಎಲ್ಲಕ್ಕಿಂತ ಮುಖ್ಯ, ನೀನಾಗಿ ಯಾವ ವಿಷಯವನ್ನೂ ಎತ್ತಕೂಡದು. ಅಲ್ಲಿ ಕೇಳಿದ್ದು ಅಲ್ಲೇ, ಇಲ್ಲಿ ಕೇಳಿದ್ದು ಇಲ್ಲೇ.

"ನಲ್ಲಿ ಇದ್ದ ಹಾಗೆ ಇರಬೇಕಮ್ಮ," ಎಂದರು. "ನೀರು ಯಾರದೋ, ಬಿಂದಿಗೆ ಯಾರದೋ."

ಈ ನಲ್ಲಿಯ ಪಾಡು ಎಂಥದ್ದು ಎಂದು ತಿಂಗಳೊಳಗೆ ಗೊತ್ತಾಯಿತು. ಕಟ್ಟುಮಸ್ತಾದ ತಜ್ಞರೊಬ್ಬರು ಮಾವಿನಕಾಯಿ ಉಪ್ಪಿನಕಾಯಿಯನ್ನು ಪಲ್ಯದಂತೆ ತಿಂದು ಹೊಟ್ಟೆ ಕೆಡಿಸಿಕೊಂಡರು. ಜಯನಗರದ ಒಬ್ಬ ವಯಸ್ಸಾದ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಏನಮ್ಮ ತೊಂದರೆ ಎಂದರು. ತಜ್ಞರು ಹೇಳಿದ್ದನ್ನು ನಾನು ಚಾಚೂ ತಪ್ಪದೆ ಹೇಳುತ್ತಾ ಹೋದೆ. ನಿನ್ನೆಯಿಂದ ನನಗೆ ಹೊಟ್ಟೆನೋವು. ಸೈನ್ಯದಲ್ಲಿದ್ದಾಗ ಒಮ್ಮೆ ಹೀಗೇ ಆಗಿತ್ತು. ದಯವಿಟ್ಟು ನನ್ನ ಹೆಂಡತಿಗೆ ತಿಳಿಸಬೇಡಿ, ಅವಳು ಹೆದರುತ್ತಾಳೆ. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಬಹಳ ಕರುಣೆಯಿಂದ ನನ್ನ ಬಾಯಿಗೇ ಥರ್ಮಾಮೀಟರ್ ಇಟ್ಟರು. ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಯಾವ ಭಾಷೆಯಲ್ಲೂ ಸ್ಪಷ್ಟನೆ ಕೊಡಲು ಬರುವುದಿಲ್ಲ.

ಗುರುಗಳಾದ ಚಕ್ರಪಾಣಿಯವರೂ ಎಡವಿದ್ದುಂಟು. ದಿನವಿಡೀ ನಡೆದ ಒಂದು ಸಭೆಯ ಕೊನೆಯಲ್ಲಿ ತಲೆ ಕೆಟ್ಟು, ರಷ್ಯದವರ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ, ನಮ್ಮ ಮ್ಯಾನೇಜರ ಕಡೆ ತಿರುಗಿ ಅಚ್ಚ ರಷ್ಯನ್ನಿನಲ್ಲಿ ಮಾತಾಡಿಬಿಟ್ಟರು. ಎರಡೂ ಕಡೆಯವರು ಗಂಭೀರವಾಗಿ ತಲೆಯಾಡಿಸಿ ಕೈ ಕುಲುಕಿದರು. ಇಷ್ಟು ಸಲೀಸಾಗಿ ಮುಗಿದ ಸಭೆ ಇನ್ನೊಂದಿಲ್ಲ ಎಂದು ಚಕ್ರಪಾಣಿಯವರೇ ಹೇಳುತ್ತಿದ್ದರು. ನಮ್ಮ ಕೆಲಸದವರಿಗಷ್ಟೇ ಆಗುವ ಎಡವಟ್ಟು ಇದು. ಈ ಕೆಲಸಕ್ಕೆ ಬಂದರೆ ನಿಮಗೂ ಆಗುತ್ತದೆ, ಹೆದರಬೇಡಿ.

ಈಗ ಮೈದಾನದ ವಿಷಯಕ್ಕೆ ಬರುತ್ತೇನೆ. ತಜ್ಞರಿಗೆಂದು ಕಾರ್ಖಾನೆಯವರು ಜೆ.ಪಿ. ನಗರದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದರು. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು, ಸಾರಕ್ಕಿ ಕಡೆಯಿಂದ ಎಮ್ಮೆಗಳು ನೇರವಾಗಿ ಕ್ರಾಸಿಗೇ ಬರುತ್ತಿದ್ದವು. ಮನೆಯಲ್ಲಿ ಇಬ್ಬರಿದ್ದರು. ಒಬ್ಬರು ಪ್ಯೋತ್ರ್ ಇವಾನೊವಿಚ್, ಉಕ್ರೇನಿನ ಹಳ್ಳಿಯಿಂದ ಬಂದ ಹಿರಿಯ ಇಂಜಿನಿಯರು, ದಪ್ಪ ಮೀಸೆ, ಮೆದು ಮಾತು. ಇನ್ನೊಬ್ಬ ರವೀಲ್, ಕಜಾನ್ ಕಡೆಯ ತಾತಾರ, ನಕ್ಷೆ ಬರೆಯುವವನು, ನನಗಿಂತ ಸ್ವಲ್ಪ ದೊಡ್ಡವನಿರಬೇಕು. ಮನೆಯ ಎದುರಿಗೇ ಒಂದು ದೊಡ್ಡ ಬಯಲು. ಅವರು ಬಂದಿಳಿದ ದಿನ ಆ ಜಾಗ ಏನೆಂದು ಕೇಳಿದರು. ನಾನು ಪುಸ್ತಕದ ರಷ್ಯನ್ನಿನಲ್ಲಿ, ಕ್ರೀಡಾ ಚಟುವಟಿಕೆಗಳಿಗೆ ಮೀಸಲಾದ ಸ್ಥಳ ಎಂದೇನೋ ಒದರುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗರು ಬ್ಯಾಟು ಹಿಡಿದು, ಅಮ್ಮ ಮೈದಾನಕ್ಕೆ ಹೋಗ್ತೀವಿ ಎಂದು ಕೂಗಿ ಓಡಿದರು. ಇಬ್ಬರೂ ಒಟ್ಟಿಗೇ ಕತ್ತು ತಿರುಗಿಸಿದರು. ಇದು ನಮ್ಮ ಮಾತು ಎಂದರು ಪ್ಯೋತ್ರ್. ನಿಮ್ಮದಲ್ಲ, ನಮ್ಮದು, ನಿಮಗೆ ನಾವು ಕೊಟ್ಟದ್ದು ಎಂದ ರವೀಲ್.

ಅವತ್ತು ಶುರುವಾದ ಜಗಳ ತಿಂಗಳುಗಟ್ಟಲೆ ನಡೆಯಿತು. ಪ್ಯೋತ್ರ್ ಪ್ರಕಾರ ಮೈದಾನ ಎಂದರೆ ಹಳ್ಳಿಯ ನಡುವಿನ ಬಯಲು, ಸಂತೆ ನಡೆಯುವುದೂ ಅಲ್ಲೇ, ಊರಿನ ತೀರ್ಮಾನ ಆಗುವುದೂ ಅಲ್ಲೇ. ರವೀಲನ ಪ್ರಕಾರ ಅದು ಕುಸ್ತಿಯ ಜಾಗ. ಅವರ ಕಡೆ ಬಿತ್ತನೆ ಮುಗಿದ ಮೇಲೆ ನೇಗಿಲ ಹಬ್ಬ ಮಾಡುತ್ತಾರೆ, ಸೊಂಟಕ್ಕೆ ವಸ್ತ್ರ ಸುತ್ತಿ ಹಿಡಿದು ಸೆಣಸುತ್ತಾರೆ, ಗೆದ್ದವನು ಟಗರನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತುತ್ತಾನೆ. ಒಂದು ಸಂಜೆ ಅವನು ಕ್ರಿಕೆಟ್ ಹುಡುಗರಿಗೆ ಈ ಕುಸ್ತಿಯನ್ನು ಕಲಿಸಿಯೂ ಬಿಟ್ಟ. ಟಗರು ಸಿಗದ್ದರಿಂದ ಗೆದ್ದವನು ವಿಕೆಟ್ ಕೀಪರನ್ನೇ ಹೊತ್ತು ಸುತ್ತಿದ. ಮಾಸ್ಕೋದಿಂದ ಬಂದು ಹೋದ ಸಾಹೇಬರೊಬ್ಬರು ಮಾತ್ರ ಮೂಗು ಮುರಿದರು. ಹಳೆಯ ರಷ್ಯನ್ನಿನಲ್ಲಿ ಕಾಡಿನೊಳಗೆ ಮರದಿಂದ ಟಾರು ಭಟ್ಟಿ ಇಳಿಸುವ ಜಾಗಕ್ಕೂ, ಜೈಲಿನಲ್ಲಿ ಕೈದಿಗಳು ಜೂಜಾಡುವ ಜಾಗಕ್ಕೂ ಹಾಗೆನ್ನುತ್ತಾರೆ, ಮರ್ಯಾದಸ್ಥರ ಮಾತಲ್ಲ ಎಂದರು.

ನನಗೂ ಚಟ ಹತ್ತಿತು. ಆಫೀಸಿನ ಬೀರುವಿನಲ್ಲಿ ದಪ್ಪದೊಂದು ವ್ಯುತ್ಪತ್ತಿ ನಿಘಂಟು ಧೂಳು ತಿನ್ನುತ್ತಿತ್ತು, ಊಟದ ಬಿಡುವಿನಲ್ಲಿ ಅದನ್ನು ಬಿಚ್ಚಿ ಕೂತೆ. ಈ ಪುಟ್ಟ ಮಾತು ತಿರುಗದ ಊರಿಲ್ಲ. ಪರ್ಷಿಯನ್ನರ ಮತ್ತು ಅರಬರ ಬಾಯಲ್ಲಿ ಕುದುರೆ ಪಳಗಿಸುವ, ಚೆಂಡಾಡುವ ಬಯಲು. ತುರ್ಕಿಯವರ ಕೈಗೆ ಬಂದು ಅವರ ಜೊತೆ ಪಡುವಣಕ್ಕೆ ಹೊರಟಿತು. ಬಲ್ಗೇರಿಯದಲ್ಲಿ ಊರ ಚೌಕ. ಸರ್ಬರಲ್ಲಿ ಇಬ್ಬರೇ ಎದುರುಬದುರು ನಿಂತು ಕಾದಾಡುವ ದ್ವಂದ್ವ. ರೊಮೇನಿಯದಲ್ಲಿ, ನಗಬೇಡಿ, ಹುಡುಗರು ಚೆಂಡಾಡುವ ಖಾಲಿ ಸೈಟು, ಅಪ್ಪಟ ಜೆ.ಪಿ. ನಗರ. ಪೋಲೆಂಡಿನಲ್ಲಿ ಆಡುಮಾತಿಗೆ ಬಂದು ಗಂಟುಮೂಟೆಗೂ ಅದೇ ಹೆಸರಾಯಿತು. ಸರ್ಬರಲ್ಲಿ ಗಣಿಗೂ ಹೆಚ್ಚುಕಡಿಮೆ ಇದೇ ಮಾತಿದೆ, ಆದರೆ ಅದು ಬೇರೆ ಅರಬ್ಬಿ ಮಾತಿನ ಮಗು, ಮುಖ ಒಂದೇ ಥರ, ನೆಂಟಸ್ತಿಕೆ ಇಲ್ಲ. ಮೂಲ ಯಾವುದು ಎಂದು ಕೇಳಿದರೆ ಪಂಡಿತರು ಜುಟ್ಟು ಹಿಡಿದುಕೊಳ್ಳುತ್ತಾರೆ. ಅರಬ್ಬಿಯಲ್ಲಿ ಅತ್ತಿತ್ತ ಓಲಾಡುವುದು ಎಂಬುದರಿಂದ ಬಂತು ಎನ್ನುವವರಿದ್ದಾರೆ. ಇರಾನಿನ ಕಡೆಯ ನಡು ಎಂಬ ಹಳೆಯ ಮಾತಿನಿಂದ ಬಂತು ಎನ್ನುವವರೂ ಇದ್ದಾರೆ, ಹಾಗಾದರೆ ನಮ್ಮ ಮಧ್ಯ ಅದರ ದೂರದ ಬಂಧು. ನಾನು ಈ ಎರಡನೆಯವರ ಪಕ್ಷ. ಆಧಾರ ಏನೂ ಇಲ್ಲ, ಪ್ಯೋತ್ರ್ ಊರಿನ ಮೈದಾನ ಊರ ನಡುವೆ ಇತ್ತಲ್ಲ ಅಂತ ಅಷ್ಟೆ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದದ್ದಕ್ಕೆ ಕಲ್ಲು ಬಿದ್ದದ್ದು ಪದ್ಮನಾಭಯ್ಯನವರ ಒಳ್ಳೆಯತನದಿಂದ. ಅವರು ಕಾರ್ಖಾನೆಯ ಎಸ್ಟೇಟ್ ಅಧಿಕಾರಿ, ಅತಿಥಿಗಳ ಊಟ ವಸತಿ ನೋಡಿಕೊಳ್ಳುವವರು. ಅತಿಥಿ ಏನನ್ನಾದರೂ ಬಾಯ್ಬಿಟ್ಟು ಹೊಗಳಿದರೆ ಮನಸ್ಸಿನಲ್ಲಿ ಆಸೆಯಿದೆ ಎಂದೇ ಅರ್ಥ, ಕೇಳುವ ತನಕ ಕಾಯುವುದು ಮನೆತನಸ್ಥರ ಲಕ್ಷಣವಲ್ಲ ಎಂದು ಅವರ ತಾಯಿ ಹೇಳಿಕೊಟ್ಟಿದ್ದರಂತೆ. ಪ್ಯೋತ್ರ್ ಇವಾನೊವಿಚ್‌ಗೋ ಕಂಡದ್ದನ್ನೆಲ್ಲ ಹೊಗಳುವ ಅಭ್ಯಾಸ. ನಿಂಬೆಕಾಯಿ ಉಪ್ಪಿನಕಾಯಿ ಹೊಗಳಿದರು, ಭರಣಿಯೇ ಬಂತು. ಪದ್ಮನಾಭಯ್ಯನವರ ಕೋಣೆಯ ಬೆತ್ತದ ಕುರ್ಚಿ ಹೊಗಳಿದರು, ಮಾರನೆಯ ದಿನ ಅದು ವ್ಯಾನಿನಲ್ಲಿ ಜೆ.ಪಿ. ನಗರಕ್ಕೆ ಬಂತು, ಪದ್ಮನಾಭಯ್ಯ ಸ್ಟೂಲಿನ ಮೇಲೆ ಕೂತು ಫೈಲು ನೋಡತೊಡಗಿದರು. ಹೀಗಿರುವಾಗ ಒಂದು ದಿನ ಮನೆಯ ಜಗುಲಿಯಲ್ಲಿ, ಇಲ್ಲಿ ನಿಮಗೆ ಏನು ಇಷ್ಟವಾಯಿತು ಎಂದು ಪದ್ಮನಾಭಯ್ಯ ಕೇಳಿದರು. ಪ್ಯೋತ್ರ್ ಉತ್ತರಿಸಿದರು. ನಾನು ನಲ್ಲಿಯ ಕೆಲಸ ಮಾಡಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಮೈದಾನ, ಸಂಜೆ ಇಲ್ಲಿ ಕೂತರೆ ನಮ್ಮೂರಿನಲ್ಲೇ ಇದ್ದ ಹಾಗೆ ಅನಿಸುತ್ತದೆ ಎಂದೆ. ತಜ್ಞರ ಮನೆಯ ಅಡುಗೆಯವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ವಾರ ಕಳೆಯುವುದರೊಳಗೆ ಲಾರಿಯಲ್ಲಿ ಕಲ್ಲುಕಂಬಗಳು ಬಂದವು. ಪದ್ಮನಾಭಯ್ಯ ಎಲ್ಲೆಲ್ಲೋ ಓಡಾಡಿ ಆ ಬಯಲನ್ನು ಅತಿಥಿಗಳ ಉಪಯೋಗಕ್ಕೆಂದು ಕಾರ್ಖಾನೆಗೆ ಬಿಡಿಸಿಕೊಂಡಿದ್ದರು. ಸುತ್ತ ಮುಳ್ಳುತಂತಿ, ಒಂದು ಗೇಟು, ಬೀಗ, ಒಳಗೆ ಗುಲಾಬಿ ಗಿಡ ಎಂದು ಯೋಜನೆ. ತಂತಿಯ ಸುರುಳಿಗಳು ಬಂದು ಬಿದ್ದವು. ಪ್ಯೋತ್ರ್ ಮತ್ತು ರವೀಲ್ ಊರಿನವರು ಏನೋ ಕಟ್ಟಡ ಕಟ್ಟುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದರು.

ಸುಮ್ಮನಿರದಿದ್ದವರು ಮುನಿಯಮ್ಮ. ತಜ್ಞರಿದ್ದ ಮನೆಯ ಯಜಮಾನಿ, ತಾವಿದ್ದದ್ದು ಸಾರಕ್ಕಿಯಲ್ಲಿ. ಬಡಾವಣೆಗೆ ಜಮೀನು ಹೋದ ಮೇಲೆ ಬಂದ ಪರಿಹಾರದಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟ ಒಕ್ಕಲುತನದ ಕುಟುಂಬ. ಈ ಮೈದಾನ ಇದ್ದ ಜಾಗದಲ್ಲೇ ಮುಂಚೆ ಅವರು ರಾಗಿ ಒಕ್ಕುವ ಕಣ ಇದ್ದದ್ದು. ಆ ಮನೆಯ ಮದುವೆಗಳೆಲ್ಲ ಆ ಕಣದಲ್ಲೇ ನಡೆದಿದ್ದವು. ಜಮೀನು ಹೋದರೂ ಆ ರೂಢಿ ಬಿಟ್ಟಿರಲಿಲ್ಲ. ಮೊಮ್ಮಗಳು ಭಾಗ್ಯಳ ಮದುವೆ ಮುಂದಿನ ತಿಂಗಳು ಅಲ್ಲೇ ಎಂದು ನಿಶ್ಚಯವಾಗಿ, ಚಪ್ಪರದವನಿಗೆ ವೀಳ್ಯ ಕೊಟ್ಟಾಗಿತ್ತು. ಬಾಡಿಗೆಯ ಛತ್ರದಲ್ಲಿ ಮಾಡಿ ಎಂದು ನೆಂಟರು ಹೇಳಿದರೆ ಮುನಿಯಮ್ಮ ಅವರ ಮೇಲೇ ಹಾರಿಬಿದ್ದರು. ಪದ್ಮನಾಭಯ್ಯನವರ ಬಳಿ ಹೋಗಿ ಕೇಳಿದರು. ಅವರು ಕೈಮುಗಿದು, ಪರದೇಶದ ಅತಿಥಿಗಳು ಆಸೆಪಟ್ಟಿದ್ದಾರೆ, ನನ್ನ ಕೈಯಲ್ಲಿಲ್ಲ ತಾಯಿ ಎಂದರು. ಆಸೆಪಟ್ಟವರು ಯಾರೆಂದು ಅಡುಗೆಯವಳನ್ನು ವಿಚಾರಿಸಿದರೆ ಅವಳು ನನ್ನ ಹೆಸರು ಹೇಳಿದಳು. ನನ್ನ ಬಾಯಿಂದಲೇ ಕೇಳಿದ್ದಳಲ್ಲ.

ಮುನಿಯಮ್ಮ ನನ್ನನ್ನು ತಜ್ಞರ ಮನೆಯ ಗೇಟಿನಲ್ಲೇ ತಡೆದರು. ನಿನಗೆ ಇಷ್ಟವಾಯಿತು ಅಂತ ನಮ್ಮ ಕಣಕ್ಕೆ ಬೇಲಿ ಹಾಕಿಸುತ್ತೀಯಾ, ಓದಿದ ಹುಡುಗಿ ಅಂದುಕೊಂಡಿದ್ದೆ ಎಂದು ಬಿಡಿಸಿಟ್ಟರು. ಅವತ್ತು ನನ್ನ ಬಾಯಲ್ಲಿ ಬಂದ ನಾನು ಎಂದರೆ ನಾನಲ್ಲ, ಅವರು, ನಾನು ಬರೀ ಭಾಷಾಂತರ ಎಂದು ವಿವರಿಸಿದೆ. ಅವರು ಪಕ್ಕದಲ್ಲಿದ್ದ ಸೊಸೆಯ ಕಡೆ ತಿರುಗಿದರು.

"ನಾನು ಅಂದ್ರೆ ನಾನಲ್ಲ ಅಂತಾಳಲ್ಲೇ, ಇವಳಿಗೇನು ಮೈಮೇಲೆ ಬತ್ತದಾ?"

ನಗು ಬಂತು, ಜೊತೆಗೆ ಅಳುವೂ ಬಂತು. ಮುನಿಯಮ್ಮನವರ ಕಣ್ಣಲ್ಲಿ ನೀರಿತ್ತು. ಪ್ಯೋತ್ರ್ ಕಿವಿಗೆ ಒಂದೇ ಒಂದು ವಾಕ್ಯ ಹಾಕಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ನಾನಾಗಿ ಎತ್ತಕೂಡದಲ್ಲ. ಹಾಗೆ ಒಮ್ಮೆ ಎತ್ತಿದ ದುಭಾಷಿಯನ್ನು ಆಮೇಲೆ ಎರಡು ಕಡೆಯವರೂ ನಂಬುವುದಿಲ್ಲ ಎಂಬುದು ಅಷ್ಟು ಹೊತ್ತಿಗೆ ನನಗೂ ಅರ್ಥವಾಗಿತ್ತು. ನೇರವಾಗಿ ಚಕ್ರಪಾಣಿಯವರ ಬಳಿ ಹೋಗಿ ಗೋಳು ತೋಡಿಕೊಂಡೆ. ಅವರು ಎರಡು ಹೊಳ್ಳೆಗೂ ನಶ್ಯ ಏರಿಸಿ, ಹೇಳಕೂಡದು ಎಂದರು. ನಾನು ಸಿಟ್ಟಿನಿಂದ ಎದ್ದೆ. ಬಾಗಿಲ ತನಕ ಹೋದಾಗ ಹಿಂದಿನಿಂದ ಅವರ ಧ್ವನಿ ಬಂತು.

"ಅಲ್ಲಮ್ಮ, ಬಾಡಿಗೆಗಿರೋರನ್ನ ಮನೆ ಓನರ್ರು ಮದುವೆಗೆ ಕರೀದೇ ಇರ್ತಾರಾ? ಕರೆಯೋಕೆ ಬಂದ್ರೆ ಭಾಷಾಂತರ ಮಾಡೋಕೇ ನಿನಗೆ ಸಂಬಳ."

ಆ ಸಂಜೆ ಅವರ ಸೈಕಲ್ಲು ವಿಲ್ಸನ್ ಗಾರ್ಡನ್ ಕಡೆಗೆ ಹೋಗದೆ ಸಾರಕ್ಕಿ ಕಡೆಗೆ ತಿರುಗಿದ್ದನ್ನು ನಾನು ನೋಡಿದೆ.

ಭಾನುವಾರ ಬೆಳಿಗ್ಗೆ ಮುನಿಯಮ್ಮ ತಟ್ಟೆಯಲ್ಲಿ ಅರಿಶಿನ ಕುಂಕುಮ, ವೀಳ್ಯದೆಲೆ, ಕಾಯಿ, ಲಗ್ನಪತ್ರಿಕೆ ಇಟ್ಟುಕೊಂಡು ಜಗುಲಿಗೆ ಬಂದರು. ನನ್ನನ್ನು ಕರೆಸಿದ್ದರು. ಇಬ್ಬರು ತಜ್ಞರೂ ಎದ್ದು ನಿಂತರು. ಮುನಿಯಮ್ಮ ನನ್ನ ಮುಖ ನೋಡಲಿಲ್ಲ, ಪ್ಯೋತ್ರ್ ಮುಖವನ್ನೇ ನೋಡುತ್ತಾ ಹೇಳಿದರು.

"ನಮ್ ಭಾಗ್ಯನ ಮದ್ವೆ ಐತೆ, ಬರ್ಬೇಕು. ಎಲ್ಲಿ ಅಂತ ಹೇಳಾಕೆ ಮಾತ್ರ ನಂಗೆ ಬಾಯಿಲ್ಲ. ನಮ್ಮತ್ತೆ ಧಾರೆ ಈ ಕಣದಲ್ಲೇ ಆಯ್ತು, ನಂದೂ ಇಲ್ಲೇ ಆಯ್ತು, ನನ್ ಮಗಳಂದೂ ಇಲ್ಲೇ. ಈಗ ನೀವು ಆಸೆಪಟ್ರಿ ಅಂತ ಬೇಲಿ ಹಾಕ್ತಾವ್ರೆ. ಒಂದ್ ದಿನ ಬಿಟ್ಕೊಡ್ರಪ್ಪ, ಆಮೇಲೆ ನೀವೇ ಇಟ್ಕಳಿ."

ನಾನು ರಷ್ಯನ್ನಿನಲ್ಲಿ ಹೇಳತೊಡಗಿದೆ. ನನ್ನ ಮೊಮ್ಮಗಳ ಮದುವೆ ಇದೆ, ನೀವು ಬರಬೇಕು. ನನ್ನ ಅತ್ತೆಗೆ ಇಲ್ಲೇ ಮದುವೆಯಾಯಿತು, ನನಗೂ ಇಲ್ಲೇ ಆಯಿತು. ಮದುವೆಯೇ ಬೇಡ ಎಂದು ರಷ್ಯನ್ ಕಲಿಯಲು ಓಡಿದ್ದ ಹುಡುಗಿ ನಾನು. ನನಗೂ ಮದುವೆಯಾಯಿತು ಎಂದು ಈಗ ನನ್ನ ಬಾಯೇ ಹೇಳಿತ್ತು. ಎಂದೂ ಇಲ್ಲದ್ದು, ವಾಕ್ಯದ ಮಧ್ಯೆ ನಿಂತುಬಿಟ್ಟೆ. ರವೀಲ್ ಒಂದು ಲೋಟ ನೀರು ಕೊಟ್ಟ, ಕುಡಿದು ಉಳಿದದ್ದನ್ನೂ ಹೇಳಿ ಮುಗಿಸಿದೆ. ಪ್ಯೋತ್ರ್ ಕೇಳಿದ್ದು ಒಂದೇ, ನನಗೆ ಬೇಕು ಎಂದು ಯಾರು ಹೇಳಿದರು. ಆಫೀಸರು ಎಂದರು ಮುನಿಯಮ್ಮ. ಪ್ಯೋತ್ರ್ ತಾವು ಕೂತಿದ್ದ ಬೆತ್ತದ ಕುರ್ಚಿಯನ್ನು ತಿರುಗಿ ನೋಡಿದರು. ಹೊಗಳಿದ್ದೆಲ್ಲ ಮನೆಗೆ ಬರುವ ಗುಟ್ಟು ಆಗ ಹೊಳೆದಿರಬೇಕು, ನಗುವಿಗೆ ಅವರ ಮೀಸೆ ಅಲ್ಲಾಡತೊಡಗಿತು.

ಮರುದಿನ ಪದ್ಮನಾಭಯ್ಯನವರ ಕೋಣೆಗೆ ನಾನೂ ಪ್ಯೋತ್ರೂ ಹೋದೆವು. ಕೊಟ್ಟ ಉಡುಗೊರೆ ಬೇಡವೆಂದರೆ ಆ ಮನುಷ್ಯನಿಗೆ ಎಷ್ಟು ನೋವಾಗುತ್ತದೆ ಎಂದು ನನಗೆ ಗೊತ್ತಿತ್ತು. ಪ್ಯೋತ್ರ್ ಬೇಡ ಎನ್ನಲೇ ಇಲ್ಲ. ಅವತ್ತು ನಾನು ಮೈದಾನವನ್ನು ಹೊಗಳುತ್ತಿದ್ದೆ, ಹೊಗಳಿಕೆ ಅರ್ಧಕ್ಕೆ ನಿಂತಿತು, ಈಗ ಪೂರ್ತಿ ಮಾಡುತ್ತೇನೆ ಎಂದು ನನ್ನ ಬಾಯಿಂದ ಶುರುಮಾಡಿದರು. ಹುಡುಗರ ಕ್ರಿಕೆಟ್ಟು ನನಗೆ ಬಹಳ ಇಷ್ಟ, ನಮ್ಮ ಕಿಟಕಿಯ ಗಾಜು ಒಡೆಯುವ ಸದ್ದೂ ಇಷ್ಟ. ಅಂಚಿನಲ್ಲಿ ಒಣಹಾಕುವ ರಾಗಿ ಇಷ್ಟ. ನಟ್ಟನಡುವೆ ಒಂದು ಬಿಳಿ ಹಸು ನಿಂತಿರುತ್ತದೆ, ಯಾರು ಗದರಿದರೂ ಕದಲುವುದಿಲ್ಲ, ಅದು ಇಷ್ಟ. ಮುಂದಿನ ತಿಂಗಳು ಅಲ್ಲಿ ಒಂದು ಮದುವೆಯಂತೆ, ನನ್ನನ್ನು ಕರೆದಿದ್ದಾರೆ, ಅದು ಎಲ್ಲಕ್ಕಿಂತ ಇಷ್ಟ. ನಮ್ಮೂರಿನ ಮೈದಾನದಲ್ಲೂ ಇದೆಲ್ಲ ಇದೆ. ಅದಕ್ಕೇ ಇದನ್ನು ಹೊಗಳಿದೆ.

ಪದ್ಮನಾಭಯ್ಯ ಸ್ಟೂಲಿನ ಮೇಲೆ ಕೂತು ಯೋಚಿಸಿದರು.

"ಹಸುನೂ ಬೇಕಾ?" ಎಂದು ಕೇಳಿದರು.

"ಹಸುವೇ ಮುಖ್ಯ," ಎಂದರು ಪ್ಯೋತ್ರ್, ನನ್ನ ಬಾಯಿಂದ.

ಪದ್ಮನಾಭಯ್ಯ ದೊಡ್ಡ ಮನುಷ್ಯ. ಕೂಡಲೇ ಗುಮಾಸ್ತರನ್ನು ಕರೆದು, ಅತಿಥಿಗಳಿಗೆ ಬೇಲಿಯಿಲ್ಲದ ಮೈದಾನವೇ ಇಷ್ಟವಂತೆ, ಅದನ್ನೇ ಒದಗಿಸತಕ್ಕದ್ದು ಎಂದು ಅಪ್ಪಣೆ ಮಾಡಿದರು. ತಂತಿಯ ಸುರುಳಿಗಳು ಸ್ಟೋರಿಗೆ ಹಿಂತಿರುಗಿದವು. ಕಲ್ಲುಕಂಬಗಳನ್ನೂ ಸಾಗಿಸಲು ಹೊರಟರೆ ಮುನಿಯಮ್ಮ ಅಡ್ಡ ನಿಂತರು. ಮದುವೆ ಆಗುವವರೆಗೆ ಇರಲಿ, ಚಪ್ಪರಕ್ಕೆ ಆಗುತ್ತವೆ ಎಂದರು. ಬೇಲಿಗೆಂದು ಬಂದ ಕಂಬಗಳನ್ನು ಬಯಲಿನ ನಡುವೆ ನೆಟ್ಟು ಬಾಳೆಕಂದು ಕಟ್ಟಿದರು, ಮಾವಿನ ತೋರಣ ಬಿಗಿದರು, ತೆಂಗಿನ ಗರಿ ಹೊದಿಸಿದರು. ಸಾರಕ್ಕಿಯ ಕಡೆಯವರು ಅಷ್ಟು ಗಟ್ಟಿ ಚಪ್ಪರವನ್ನು ಅದಕ್ಕೆ ಮೊದಲು ಕಂಡಿರಲಿಲ್ಲ.

ಭಾಗ್ಯಳ ಧಾರೆ ಆ ಬಯಲಿನ ನಡುವೆಯೇ ಆಯಿತು. ಮುನಿಯಮ್ಮ ಕಂಬಕ್ಕೆ ಒರಗಿ ಅತ್ತರು, ನಾನೂ ಅತ್ತೆ, ಕಾರಣ ಕೇಳಬೇಡಿ. ಪದ್ಮನಾಭಯ್ಯ ಪಂಚೆಯುಟ್ಟು ಬಂದು ಪಾಯಸವನ್ನು ಹೊಗಳಿದರು. ಚಕ್ರಪಾಣಿಯವರು ಯಾರ ಕಡೆಯ ನೆಂಟರೋ ಎನ್ನುವ ಹಾಗೆ ಮೊದಲ ಪಂಕ್ತಿಯಲ್ಲೇ ಕೂತಿದ್ದರು. ರವೀಲ್ ವರನ ಕಡೆಯ ಹುಡುಗರನ್ನೆಲ್ಲ ಒಬ್ಬೊಬ್ಬರಾಗಿ ಕುಸ್ತಿಯಲ್ಲಿ ಕೆಡವುತ್ತಿದ್ದ.

ಊಟದ ಹೊತ್ತಿಗೆ ನೋಡಿದರೆ ಮುನಿಯಮ್ಮ ಮತ್ತು ಪ್ಯೋತ್ರ್ ಒಂದು ಕಂಬದ ಬುಡದಲ್ಲಿ ಚಾಪೆಯ ಮೇಲೆ ಕೂತು ಮಾತಿನಲ್ಲಿ ಮುಳುಗಿದ್ದರು. ಕೆಲಸದ ಅಭ್ಯಾಸ, ಕಾಲು ತಾನಾಗಿ ಆ ಕಡೆ ಓಡಿತು. ಹತ್ತಿರ ಹೋಗಿ ಕೇಳಿದರೆ ಪ್ಯೋತ್ರ್ ಮಾತಾಡುತ್ತಿದ್ದದ್ದು ರಷ್ಯನ್ನೇ ಅಲ್ಲ. ಅವರ ಹಳ್ಳಿಯ ಉಕ್ರೇನಿಯನ್, ನನಗೂ ಅರ್ಧಕ್ಕರ್ಧ ತಿಳಿಯದ್ದು. ನಡುನಡುವೆ ಮೈದಾನ ಎನ್ನುವುದು, ಕೈಯಲ್ಲಿ ಗಾಳಿಯಲ್ಲಿ ಒಂದು ಚೌಕ ಬರೆಯುವುದು, ತಾಯಿಯ ಹೆಸರೇನೋ ಹೇಳುವುದು. ಅವರ ಕಣ್ಣು ಒದ್ದೆಯಾಗಿತ್ತು. ಮುನಿಯಮ್ಮ ಹೂಂಗುಡುತ್ತಾ, ಎಲೆಯಡಿಕೆ ಮಡಿಸುತ್ತಾ, ಆಮ್ಯಾಕೆ, ಆಮ್ಯಾಕೆ ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ಮಂಡಿಯೂರಿ ಕೂತು ಬಾಯಿ ತೆರೆದೆ. ಮುನಿಯಮ್ಮ ನನ್ನ ಮೊಣಕೈ ಹಿಡಿದು ತಡೆದರು.

"ನೀನೋಗಿ ಉಣ್ಣೋಗವ್ವ. ಆ ಯಪ್ಪ ಅವ್ರೂರಿನ್ ಸುದ್ದಿ ಹೇಳ್ಕೊತಾವ್ನೆ, ಮಧ್ಯ ಬರಬ್ಯಾಡ."

ನಾನು ಎದ್ದು ಹೋಗಿ ಎಲೆಯ ಮುಂದೆ ಕೂತೆ.